ನಮ್ಮ ಜೀಪಿನ ಐದು ಮುಳ್ಳುಗಳು

ನಿಂತುಹೋದ ಗಡಿಯಾರವೊಂದು ಗೋಡೆಯ ಮೇಲೆ ತೂಗುತ್ತಿರುವುದು ಗೃಹಸ್ಥರ ಮನೆಗಳಲ್ಲಿ ಅಪರೂಪವಲ್ಲ. ಅದು ನಿಂತಿದೆಯೆಂಬುದು ಮನೆಯವರಿಗೆಲ್ಲ ಗೊತ್ತು. ಆದುದರಿಂದ ಯಾರೂ ಅದನ್ನು ನೋಡುವುದಿಲ್ಲ. ಬಂದ ನೆಂಟರು ಮಾತ್ರ ಒಮ್ಮೆ ನೋಡಿ, ಬಸ್ಸು ತಪ್ಪಿಹೋಯಿತೆಂದು ಗಾಬರಿಯಿಂದ ಎದ್ದು ನಿಲ್ಲುತ್ತಾರೆ. "ಅಯ್ಯೋ, ಅದು ನಿಂತು ಎಷ್ಟೋ ಕಾಲವಾಯಿತು, ಕುಳಿತುಕೊಳ್ಳಿ" ಎಂದು ನಾವು ನಗುತ್ತ ಅವರಿಗೆ ಇನ್ನೊಂದು ಲೋಟ ಕಾಫಿ ಕೊಡುತ್ತೇವೆ. ಇದರಿಂದ ಯಾರಿಗೂ ಕೇಡಿಲ್ಲ. ಆದರೆ ಇಂಥ ಗಡಿಯಾರದೊಡನೆ ಬಾಳಿ ಅಭ್ಯಾಸವಾದ ಮನಸ್ಸು ಬೇರೊಂದು ಕಡೆಯಲ್ಲಿ ಎಂಥ ಅನರ್ಥವನ್ನು ತಂದುಕೊಳ್ಳುತ್ತದೆಂಬುದನ್ನು ನಾನು ಸ್ವಂತ ಅನುಭವದಿಂದ ಬಲ್ಲೆ. ಅದನ್ನು ವಾಚಕರ ಮುಂದೆ ಮುಚ್ಚುಮರೆಯಿಲ್ಲದೆ ಇಡಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಚಾಮರಾಜಪೇಟೆಯ ನಮ್ಮ ಮನೆಯ ಹಿತ್ತಿಲಿನಲ್ಲಿ ಒಂದು ಹಳೆಯ ಜೀಪು ಇದೆ. ೧೯೬೮ನೆಯ ಇಸವಿಯದು. ನಮ್ಮ ತಂದೆಯವರು ೧೯೭೬ರಲ್ಲಿ ಅದನ್ನು ಸರಕಾರದ ಹರಾಜಿನಲ್ಲಿ ಕೊಂಡರು. ನಂಬರಿನ ಹಲಗೆಯ ಮೇಲೆ ಇನ್ನೂ ಮೈಸೂರು ರಾಜ್ಯವೆಂಬ ಹೆಸರಿದ್ದ ಕಾಲದ ಅಕ್ಷರಗಳೇ ಇವೆ. ಆಗ ನಮಗೆ ಮೂಡಿಗೆರೆಯ ಬಳಿ ಸ್ವಲ್ಪ ಕಾಫಿಯ ತೋಟವಿದ್ದಿತು. ಮಳೆಗಾಲದಲ್ಲಿ ಆ ತೋಟದ ದಾರಿಯಲ್ಲಿ ಎತ್ತಿನ ಗಾಡಿಯನ್ನು ಬಿಟ್ಟರೆ ನಡೆಯುತ್ತಿದ್ದುದು ಈ ಜೀಪು ಒಂದೇ.

ಜೀಪು ಯುದ್ಧದಲ್ಲಿ ಹುಟ್ಟಿದ ಬಂಡಿ. ೧೯೪೧ರಿಂದ ೧೯೪೫ರ ವರೆಗೆ ಅಮೆರಿಕದ ವಿಲೀಸ್ ಮತ್ತು ಫೋರ್ಡ್ ಕಾರ್ಖಾನೆಗಳವರು ಸೇನೆಗಾಗಿ ಇದನ್ನು ಆರು ಲಕ್ಷಕ್ಕೂ ಮೇಲ್ಪಟ್ಟು ತಯಾರಿಸಿದರು. ೧೯೪೭ರಲ್ಲಿ ಮಹೀಂದ್ರ ಸಂಸ್ಥೆಯವರು ಮುಂಬಯಿಯಲ್ಲಿ ವಿಲೀಸ್ ಜೀಪಿನ ಭಾಗಗಳನ್ನು ಜೋಡಿಸುವ ಕೆಲಸ ಆರಂಭಿಸಿದರು. ಮುಂದೆ ಇಡೀ ಬಂಡಿಯನ್ನೇ ಈ ದೇಶದಲ್ಲಿ ಮಾಡಿದರು. ನಮ್ಮದು ಎತ್ತರದ ಬಾನೆಟ್ಟಿನ ಸಿ.ಜೆ. ೩ಬಿ ಎಂಬ ಜಾತಿಯದು. ಯುದ್ಧಕಾಲದ ಜೀಪಿನಲ್ಲಿದ್ದಂತೆಯೇ ಇದರ ಡ್ಯಾಶ್‌ಬೋರ್ಡಿನಲ್ಲಿಯೂ ಐದು ಮೀಟರುಗಳು. ನಡುವೆ ವೇಗವನ್ನೂ ಓಡಿದ ದೂರವನ್ನೂ ತೋರಿಸುವ ದೊಡ್ಡದು. ಅದರ ಸುತ್ತ ಪೆಟ್ರೋಲು, ಇಂಜಿನ್ನಿನ ಎಣ್ಣೆಯ ಒತ್ತಡ, ನೀರಿನ ಶಾಖ, ವಿದ್ಯುತ್ತಿನ ಆಂಪಿಯರು, ಇವುಗಳ ನಾಲ್ಕು ಸಣ್ಣವು. ಒಟ್ಟು ಐದು ಗಾಜು, ಐದು ಮುಳ್ಳು.

ತಂದೆಯವರು ಇವುಗಳನ್ನು ನೋಡುತ್ತಿದ್ದ ರೀತಿ ನನಗೆ ಚೆನ್ನಾಗಿ ನೆನಪಿದೆ. ರಸ್ತೆಯ ಮೇಲೆ ದೃಷ್ಟಿ ಇಟ್ಟು, ಕೆಲವು ನಿಮಿಷಗಳಿಗೊಮ್ಮೆ ಕಣ್ಣನ್ನು ಕೆಳಕ್ಕೆ ಹಾಯಿಸಿ ಮತ್ತೆ ಎತ್ತುವರು. ದೇವರ ಮುಂದಿನ ದೀಪ ಆರಿದೆಯೊ ಎಂದು ಅಡಿಗೆಮನೆಯಿಂದಲೇ ಇಣುಕಿ ನೋಡುವವರ ಹಾಗೆ. ಎಣ್ಣೆಯ ಮುಳ್ಳು ಬಂಡಿ ಓಡುವಾಗ ಇಪ್ಪತ್ತು ಪೌಂಡಿಗಿಂತ ಕೆಳಗೆ ಇಳಿದರೆ ಅವರು ಎಲ್ಲಿದ್ದರೂ ನಿಲ್ಲಿಸಿಬಿಡುವರು. ಮದುವೆಯ ಮುಹೂರ್ತ ಮೀರುತ್ತಿದ್ದರೂ ಸರಿಯೆ. ಪಕ್ಕದಲ್ಲಿ ಕುಳಿತು ಕುಳಿತು ನಮ್ಮ ತಾಯಿಗೂ ಆ ಐದು ಮುಳ್ಳುಗಳ ಪರಿಚಯವಾಗಿದ್ದಿತು.

೨೦೦೧ರಲ್ಲಿ ತಂದೆಯವರು ತೀರಿಕೊಂಡರು. ತೋಟವನ್ನು ಮಾರಿದೆವು. ಜೀಪನ್ನು ಮಾರುವುದಕ್ಕೆ ಮಾತ್ರ ಯಾರಿಗೂ ಮನಸ್ಸು ಬರಲಿಲ್ಲ, ಬೆಂಗಳೂರಿಗೆ ತಂದೆವು. ನಾನು ಭಾನುವಾರಗಳಲ್ಲಿ ಅದನ್ನು ಓಡಿಸುತ್ತಿದ್ದೆನು. ಆದರೆ ತಂದೆಯವರಿಂದ ನನಗೆ ಬಂದದ್ದು ಬಂಡಿ ಮಾತ್ರ. ಅವರ ಕಿವಿ ಬರಲಿಲ್ಲ. ಇಂಜಿನ್ನಿನ ಧ್ವನಿಯನ್ನು ಕೇಳಿಯೇ ಅವರು ಕಾಯಿಲೆಯನ್ನು ಹೇಳಬಲ್ಲವರಾಗಿದ್ದರು. ನನಗೆ ಎಲ್ಲ ಧ್ವನಿಯೂ ಒಂದೇ. ನನ್ನಂಥವನಿಗೆ ಮೀಟರುಗಳ ಅವಶ್ಯಕತೆ ಅವರಿಗಿಂತ ಹೆಚ್ಚಾಗಿತ್ತು. ನಡೆದದ್ದು ಇದಕ್ಕೆ ವಿರುದ್ಧ.

ಮೊದಲು ಕೆಟ್ಟದ್ದು ದೊಡ್ಡ ಮೀಟರು. ತಂದೆಯವರು ಕಡೆಯ ಸಲ ತೋಟದಿಂದ ಮೂಡಿಗೆರೆಯ ಆಸ್ಪತ್ರೆಗೆ ತಾವೇ ಓಡಿಸಿಕೊಂಡು ಹೋದರು. ಅದಾದ ಕೆಲವೇ ದಿನಗಳಲ್ಲಿ ಅದರ ಕೇಬಲು ತುಂಡಾಯಿತು. ದೂರದ ಎಣಿಕೆ ೭೮,೪೧೬ಕ್ಕೆ ನಿಂತಿತು. ಆಮೇಲೆ ಪೆಟ್ರೋಲಿನ ಮುಳ್ಳು ಮನಸ್ಸು ಬಂದಂತೆ ಕುಣಿಯತೊಡಗಿತು. ಪೆಟ್ರೋಲಿನ ಟ್ಯಾಂಕು ಚಾಲಕನ ಆಸನದ ಕೆಳಗೇ ಇರುವುದರಿಂದ, ಗೀಟು ಹಾಕಿದ ಒಂದು ಬಿದಿರುಕಡ್ಡಿಯನ್ನು ಅದರೊಳಗೆ ಇಳಿಬಿಟ್ಟು ಅಳೆದುಕೊಳ್ಳುವ ಪದ್ಧತಿಯನ್ನು ಮಾಡಿಕೊಂಡೆನು. ಮೂರನೆಯದಾಗಿ ಶಾಖದ ಮುಳ್ಳು ಕೆಳಗೆ ಬಿದ್ದು ಏಳಲೇ ಇಲ್ಲ. ಆಂಪಿಯರಿನದು ಎಡಕ್ಕೂ ಬಲಕ್ಕೂ ನಡುಗುತ್ತಿದ್ದಿತು. ಅದರ ಅರ್ಥವೇನೆಂದು ನಾನು ಯಾರನ್ನೂ ಕೇಳಲಿಲ್ಲ. ಹೀಗೆ ಹದಿನೈದು ವರ್ಷಗಳಲ್ಲಿ ಐದರಲ್ಲಿ ನಾಲ್ಕು ಕೆಟ್ಟುವು. "ಬಂಡಿ ಓಡುತ್ತದಲ್ಲ, ಸಾಕು" ಎಂದು ನಾನು ಸಮಾಧಾನ ಹೇಳಿಕೊಂಡೆನು. ಎಣ್ಣೆಯ ಮುಳ್ಳು ಒಂದು ಮಾತ್ರ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಲೇ ಇದ್ದಿತು. ಆದರೆ ಕೆಟ್ಟವರ ಸಹವಾಸದಲ್ಲಿದ್ದ ಒಳ್ಳೆಯವನಿಗೆ ಆಗುವ ಗತಿಯೇ ಅದಕ್ಕೂ ಆಯಿತು. ನಾನು ಅದನ್ನೂ ನೋಡುವುದನ್ನು ಬಿಟ್ಟೆನು.

೨೦೧೬ರ ಡಿಸೆಂಬರಿನಲ್ಲಿ ತಾಯಿಯವರು ಧರ್ಮಸ್ಥಳಕ್ಕೆ ಹೋಗಬೇಕೆಂದರು. ಜೀಪಿನಲ್ಲಿಯೇ, ತೋಟವಿದ್ದ ದಾರಿಯಲ್ಲಿಯೇ ಹೋಗಬೇಕೆಂದರು. ಅವರಿಗೆ ಆಗ ಎಪ್ಪತ್ತಾರು ವರ್ಷ. ನಾನು, ನನ್ನ ಹೆಂಡತಿ, ಕಾಲೇಜಿನಲ್ಲಿ ಓದುತ್ತಿದ್ದ ಮಗ, ಹನ್ನೆರಡು ವರ್ಷದ ಮಗಳು, ಎಲ್ಲರೂ ಹೊರಟೆವು. ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಘಾಟಿಯನ್ನು ಇಳಿದು ಸುಖವಾಗಿ ತಲುಪಿದೆವು. ಸ್ವಾಮಿಯ ದರ್ಶನವಾಯಿತು. ಮಾರನೆಯ ದಿನ ಮಧ್ಯಾಹ್ನದ ಊಟ ಮುಗಿಸಿ ಹಿಂದಿರುಗಿದೆವು.

ಘಾಟಿಯ ಏರು ಬಂದಿತು. ಒಂದೊಂದು ತಿರುವಿಗೂ ಎರಡನೆಯ ಗೇರು. ಇಂಜಿನ್ನು ಏದುಸಿರು ಬಿಡುತ್ತಿದ್ದಿತು. ಅಣ್ಣಪ್ಪಸ್ವಾಮಿಯ ಗುಡಿಯ ಮುಂದೆ ಇಳಿದು ಕೈಮುಗಿದು ಮತ್ತೆ ಹೊರಟೆವು. ಸ್ವಲ್ಪ ದೂರ ಹೋಗುವುದರೊಳಗೆ ಪಕ್ಕದಲ್ಲಿದ್ದ ತಾಯಿಯವರು, "ಮಗೂ, ಎಣ್ಣೆ ಮುಳ್ಳು ಮಲಗಿಬಿಟ್ಟಿದೆಯಲ್ಲೋ" ಎಂದರು.

ನಾನು ಕೆಳಗೆ ನೋಡಲೂ ಇಲ್ಲ. "ಅದೆಲ್ಲ ಮಾಮೂಲು ಅಮ್ಮ. ಈ ಗಾಡಿಯ ಮೀಟರುಗಳೆಲ್ಲ ಸುಳ್ಳು ಹೇಳುತ್ತವೆ" ಎಂದೆನು.

"ಇದು ಹೇಳುತ್ತಿರಲಿಲ್ಲ ಕಣೋ" ಎಂದು ಅವರು ಸುಮ್ಮನಾದರು.

ಮತ್ತೆ ಐದಾರು ತಿರುವುಗಳು ಕಳೆದಿರಬೇಕು. ಇಂಜಿನ್ನಿನೊಳಗಿನಿಂದ ಯಾರೋ ಸುತ್ತಿಗೆಯಿಂದ ಬಡಿದಂತೆ ಟಕಟಕನೆ ಧ್ವನಿ ಬಂದಿತು. ನನ್ನ ಕಿವಿಗೂ ಅರ್ಥವಾಗುವಂಥ ಧ್ವನಿ. ಕಾಲೆತ್ತುವುದರೊಳಗಾಗಿ ಇಂಜಿನ್ನು ಹಿಡಿದುಕೊಂಡು ಬಂಡಿ ನಿಂತಿತು. ನಿಂತದ್ದು ಮಾತ್ರವಲ್ಲ, ಇಳಿಜಾರಿನಲ್ಲಿ ಹಿಂದಕ್ಕೆ ಜಾರತೊಡಗಿತು. ಬ್ರೇಕು ಹಿಡಿಯಿತು, ದೇವರ ದಯೆ. ಮಗನು ಹಾರಿ ಇಳಿದು ಚಕ್ರಗಳ ಹಿಂದೆ ಕಲ್ಲು ಕೊಟ್ಟನು. ನಮ್ಮ ಹಿಂದೆ ನಾಲ್ಕು ಗಜಗಳಾಚೆ ರಸ್ತೆಯ ಅಂಚು. ಅದರಾಚೆ ಮಂಜು, ಮಂಜಿನ ಕೆಳಗೆ ಪ್ರಪಾತ. ಕತ್ತಲಾಗುವ ವರೆಗೆ ಐದು ಜನ ಆ ರಸ್ತೆಯ ಬದಿಯಲ್ಲಿ ಕುಳಿತಿದ್ದೆವು. ಮಗಳು ಅಜ್ಜಿಯ ಸೆರಗಿನೊಳಗೆ ಮುದುಡಿಕೊಂಡಿದ್ದಳು. ನನ್ನ ಹೆಂಡತಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿದ್ದಿತು. ಕಡೆಗೆ ಒಬ್ಬ ಲಾರಿಯವನು ಹಗ್ಗ ಕಟ್ಟಿ ನಮ್ಮನ್ನು ಕೊಟ್ಟಿಗೆಹಾರದ ವರೆಗೆ ಎಳೆದು ತಂದನು. ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ರಾತ್ರಿ ಅಲ್ಲಿಯ ಹೋಟೆಲಿನಲ್ಲಿ ನೀರುದೋಸೆ ತಿನ್ನುವಾಗ ಯಾರೂ ಮಾತನಾಡಲಿಲ್ಲ.

ಜೀಪನ್ನು ಇನ್ನೊಂದು ಲಾರಿಯ ಮೇಲೆ ಹೇರಿಕೊಂಡು ಬೆಂಗಳೂರಿಗೆ ತಂದು, ಕಲಾಸಿಪಾಳ್ಯದ ನಮ್ಮ ಮೇಸ್ತ್ರಿಯ ವಶಕ್ಕೆ ಒಪ್ಪಿಸಿದೆನು. ಆತ ತಂದೆಯವರ ಕಾಲದಿಂದಲೂ ಈ ಬಂಡಿಯನ್ನು ಬಲ್ಲವನು. ಬಾನೆಟ್ಟು ಎತ್ತಿ ಒಂದು ಗಳಿಗೆ ನೋಡಿ, ಇಂಜಿನ್ನಿನ ಪಕ್ಕದಲ್ಲಿ ತೂಗಾಡುತ್ತಿದ್ದ ನೂಲಿನಷ್ಟು ಸಣ್ಣ ತಾಮ್ರದ ಕೊಳವೆಯೊಂದನ್ನು ಬೆರಳಿನಿಂದ ಎತ್ತಿ ತೋರಿಸಿದನು. "ಇದೇ ಸ್ವಾಮಿ" ಎಂದನು.

ಹಳೆಯ ಜೀಪುಗಳಲ್ಲಿ ಎಣ್ಣೆಯ ಮೀಟರಿಗೆ ವಿದ್ಯುತ್ತಿನ ಸಂಬಂಧವಿಲ್ಲ. ಇಂಜಿನ್ನಿನೊಳಗೆ ಒತ್ತಡದಲ್ಲಿ ಹರಿಯುವ ಎಣ್ಣೆಯೇ ಈ ತಾಮ್ರದ ಕೊಳವೆಯ ಮೂಲಕ ಡ್ಯಾಶ್‌ಬೋರ್ಡಿನ ವರೆಗೆ ಬರುತ್ತದೆ. ಮೀಟರಿನೊಳಗೆ ಬಾಗಿಸಿದ ಚಪ್ಪಟೆಯ ಒಂದು ನಳಿಕೆಯಿದೆ. ಮಕ್ಕಳು ಜಾತ್ರೆಯಲ್ಲಿ ಊದಿ ಬಿಚ್ಚುವ ಸುರುಳಿ ಪೀಪಿಯಂತೆ, ಒಳಗೆ ಒತ್ತಡ ಹೆಚ್ಚಿದಾಗ ಅದು ನೆಟ್ಟಗಾಗಲು ಹವಣಿಸುತ್ತದೆ. ಆ ಚಲನೆಯೇ ಮುಳ್ಳನ್ನು ತಿರುಗಿಸುತ್ತದೆ. ಬೂರ್ಡಾನ್ ಎಂಬ ಫ್ರೆಂಚ್ ಯಂತ್ರಶಿಲ್ಪಿಯು ೧೮೪೯ರಲ್ಲಿ ಹಕ್ಕುಪತ್ರ ಪಡೆದ ಉಪಾಯವಿದು. ಸರಳವಾದದ್ದು, ಸತ್ಯವಾದದ್ದು. ಇದಕ್ಕೆ ಇರುವ ದೋಷ ಒಂದೇ: ಇಂಜಿನ್ನಿನ ಅದುರಿಗೆ ಆ ಕೊಳವೆ ವರ್ಷಗಳ ಮೇಲೆ ಬಳಲಿ, ಎಲ್ಲಾದರೂ ಸೀಳಿದರೆ, ಆ ಸೀಳಿನಿಂದಲೇ ಎಣ್ಣೆಯೆಲ್ಲ ಸೋರಿಹೋಗುತ್ತದೆ. ನಮ್ಮದು ಆಗಿದ್ದುದು ಹೀಗೆಯೆ. ಸೀಳಿದ ಕೂಡಲೆ ಮುಳ್ಳು ಕೆಳಗೆ ಬಿದ್ದಿತು. ಅದು ತನ್ನ ಪ್ರಾಣ ಹೋಗುವಾಗಲೂ ನಿಜವನ್ನೇ ಹೇಳಿತು. ತಾಯಿಯವರು ಅದನ್ನು ಕೇಳಿದರು, ನಾನು ಕೇಳಲಿಲ್ಲ. ಆಗಲೇ ನಿಲ್ಲಿಸಿದ್ದರೆ ಕೆಲವು ರೂಪಾಯಿಗಳ ಕೊಳವೆ ಮತ್ತು ನಾಲ್ಕು ಲೀಟರು ಎಣ್ಣೆಯಲ್ಲಿ ಮುಗಿಯುತ್ತಿದ್ದಿತು. ನಿಲ್ಲಿಸದೆ ಹೋದುದರಿಂದ ಬೇರಿಂಗುಗಳು ಸುಟ್ಟುಹೋದುವು, ಕ್ರ್ಯಾಂಕನ್ನು ಅರೆಸಬೇಕಾಯಿತು, ಇಂಜಿನ್ನನ್ನು ಪೂರ್ತಿ ಬಿಚ್ಚಬೇಕಾಯಿತು. ಆ ಹಣದ ಲೆಕ್ಕ ಇಲ್ಲಿ ಬೇಡ. ರಸ್ತೆಯ ಅಂಚಿಗೂ ನಮಗೂ ನಡುವೆ ಉಳಿದಿದ್ದ ನಾಲ್ಕು ಗಜದ ಲೆಕ್ಕವೇ ನನಗೆ ಎಷ್ಟೋ ರಾತ್ರಿ ನಿದ್ರೆ ಕೆಡಿಸಿತು.

ಇಂಜಿನ್ನಿನ ಕೆಲಸ ನಡೆಯುತ್ತಿರುವಾಗಲೇ ಮನೆಯಲ್ಲಿ ಮೀಟರುಗಳ ವಿಷಯ ಚರ್ಚೆಗೆ ಬಂದಿತು. ಮಗನು, "ಅಪ್ಪ, ಎಲ್ಲವನ್ನೂ ಕಿತ್ತುಹಾಕಿ ಒಂದೇ ಪರದೆಯಲ್ಲಿ ಅಂಕಿಗಳು ಮೂಡುವ ಹೊಸದನ್ನು ಹಾಕಿಸೋಣ" ಎಂದನು. ತಾಯಿಯವರು, "ಆ ಡಬ್ಬಿ ನೋಡುತ್ತ ಕೂರುವುದಕ್ಕೆ ನಾನು ಬರುವುದಿಲ್ಲಪ್ಪ" ಎಂದರು. ನನ್ನ ಹೆಂಡತಿ ಇಬ್ಬರ ಮಾತನ್ನೂ ಕೇಳಿ, "ಹೊಸದೋ ಹಳೆಯದೋ, ನಿಜ ಹೇಳುವುದನ್ನು ಹಾಕಿಸಿ. ಹಾಕಿಸಿದ ಮೇಲೆ ನೋಡಿ" ಎಂದಳು. ಕಡೆಯ ಮಾತು ಯಾರಿಗೆ ಎಂಬುದು ಸ್ಪಷ್ಟವಾಗಿದ್ದಿತು. ದುಂಡನೆಯ ಐದು ಮೀಟರುಗಳನ್ನೇ ಇಡುವುದು, ಒಂದೊಂದನ್ನೂ ಪರೀಕ್ಷಿಸಿ ಕೆಟ್ಟದ್ದನ್ನು ಮಾತ್ರ ಬದಲಾಯಿಸುವುದು ಎಂದು ನಿರ್ಣಯವಾಯಿತು.

ಎಣ್ಣೆಯ ಮೀಟರಿಗೆ ಕೊಳವೆಯ ಬದಲು ವಿದ್ಯುತ್ತಿನ ಏರ್ಪಾಡು ಮಾಡಿಸಿದೆವು. ಇದರಲ್ಲಿ ಎಣ್ಣೆ ಇಂಜಿನ್ನನ್ನು ಬಿಟ್ಟು ಹೊರಕ್ಕೆ ಬರುವುದಿಲ್ಲ. ಇಂಜಿನ್ನಿಗೆ ತಿರುಗಿಸಿ ಕೂರಿಸುವ ಒಂದು ಸೆನ್ಸರು ಒತ್ತಡವನ್ನು ವಿದ್ಯುತ್ತಿನ ಭಾಷೆಗೆ ತಿರುಗಿಸುತ್ತದೆ. ಒಂದು ತಂತಿ ಅದನ್ನು ಮೀಟರಿಗೆ ಮುಟ್ಟಿಸುತ್ತದೆ. ಇದರ ಜತೆಗೆ ಮೇಸ್ತ್ರಿಯು ಬೇರೆಯದೇ ಆದ ಒಂದು ಸ್ವಿಚ್ಚು, ಒಂದು ಕೆಂಪು ದೀಪ ಮತ್ತು ಒಂದು ಬಜರು ಸೇರಿಸಿದನು. "ಒಂದು ಸಾಕ್ಷಿ ಸತ್ತರೆ ಇನ್ನೊಂದು ಕೂಗಲಿ ಸ್ವಾಮಿ" ಎಂದನು.

ಶಾಖದ ಮೀಟರು ನಿಜವಾಗಿಯೂ ಸತ್ತಿದ್ದಿತು. ಅದರ ಉದ್ದನೆಯ ಸೂಕ್ಷ್ಮ ನಳಿಕೆಯಲ್ಲಿ ಈಥರಿನಂಥ ಬೇಗ ಆವಿಯಾಗುವ ದ್ರವವನ್ನು ತುಂಬಿ ಮುಚ್ಚಿರುತ್ತಾರೆ. ನಳಿಕೆ ಒಮ್ಮೆ ಮುರಿದರೆ ದ್ರವ ಹಾರಿಹೋಗುತ್ತದೆ. ಮತ್ತೆ ಬೆಸೆದು ಪ್ರಯೋಜನವಿಲ್ಲ. ಇದಕ್ಕೂ ವಿದ್ಯುತ್ತಿನದನ್ನೇ ಹಾಕಿಸಿದೆವು.

ಆಂಪಿಯರಿನ ಮೀಟರಿನ ವಿಷಯವನ್ನು ಕೇಳಿ ನಾನು ಬೆಚ್ಚಿದೆನು. ಸ್ಟಾರ್ಟರಿನದೊಂದನ್ನು ಬಿಟ್ಟು ಬಂಡಿಯ ವಿದ್ಯುತ್ತೆಲ್ಲ ಆ ಪುಟ್ಟ ಮೀಟರಿನ ಹಿಂದಿನ ಎರಡು ತಿರುಪುಗಳ ಮೂಲಕವೇ ಹಾಯ್ದು ಹೋಗುತ್ತಿರುತ್ತದೆ. ನಮ್ಮದರಲ್ಲಿ ಒಂದು ತಿರುಪು ಸಡಿಲವಾಗಿ, ಅದರ ಸುತ್ತಲಿನ ತಂತಿಯ ಹೊದಿಕೆ ಕರಕಾಗಿದ್ದಿತು. ಮುಳ್ಳು ನಡುಗುತ್ತಿದ್ದುದರ ಅರ್ಥ ಇದು. ಟ್ಯಾಂಕಿನ ತುಂಬ ಪೆಟ್ರೋಲು ಇಟ್ಟುಕೊಂಡು, ಕಣ್ಣಮುಂದೆ ಕಿಡಿಯನ್ನು ಇಟ್ಟುಕೊಂಡು ನಾವು ಓಡಾಡುತ್ತಿದ್ದೆವು! ಆ ಎರಡು ದಪ್ಪ ತಂತಿಗಳನ್ನು ಭದ್ರವಾಗಿ ಒಂದುಗೂಡಿಸಿ, ಮೀಟರನ್ನು ತೆಗೆಸಿ, ಆ ಜಾಗದಲ್ಲಿ ವೋಲ್ಟಿನ ಮೀಟರನ್ನು ಕೂರಿಸಿದೆವು. ಇದು ಬಂಡಿಯ ಹೊಳೆಯನ್ನೆಲ್ಲ ತನ್ನ ಮೇಲೆ ಹರಿಸಿಕೊಳ್ಳುವುದಿಲ್ಲ. ಒಂದು ಸಣ್ಣ ಫ್ಯೂಸಿನ ಮೂಲಕ ಗುಟುಕು ನೀರು ಕುಡಿದು ರುಚಿ ಹೇಳುತ್ತದೆ. ಇಂಜಿನ್ನು ನಿಂತಿರುವಾಗ ತುಂಬಿದ ಬ್ಯಾಟರಿ ೧೨.೬ ವೋಲ್ಟಿನ ಬಳಿ ತೋರಿಸಬೇಕು. ಓಡುವಾಗ ೧೪ರ ಸುತ್ತ ಇರಬೇಕು. ಓಡುವಾಗಲೂ ಹನ್ನೆರಡರ ಬಳಿಯೇ ಇದ್ದರೆ ಬ್ಯಾಟರಿಗೆ ವಿದ್ಯುತ್ತು ಸೇರುತ್ತಿಲ್ಲವೆಂದು ತಿಳಿಯಬೇಕು.

ಇನ್ನು ಪೆಟ್ರೋಲಿನ ಮುಳ್ಳು. ಇದರಲ್ಲಿ ನನ್ನ ಮೂರ್ಖತನ ಹೊರಬಿದ್ದಿತು. ಮೇಸ್ತ್ರಿಯನ್ನು ಕೇಳದೆ ನಾನೇ ಜೆ.ಸಿ. ರಸ್ತೆಗೆ ಹೋಗಿ, ಒಂದು ಅಂಗಡಿಯಲ್ಲಿ ಅಂದವಾದ ಮೀಟರನ್ನೂ, ಇನ್ನೊಂದು ಅಂಗಡಿಯಲ್ಲಿ ಕಡಮೆ ಬೆಲೆಗೆ ಸಿಕ್ಕಿದ ಟ್ಯಾಂಕ್ ಯೂನಿಟ್ಟನ್ನೂ ಕೊಂಡು ತಂದೆನು. ಟ್ಯಾಂಕ್ ಯೂನಿಟ್ಟು ಎಂದರೆ ಟ್ಯಾಂಕಿನೊಳಗೆ ಪೆಟ್ರೋಲಿನ ಮೇಲೆ ತೇಲುವ ಬೆಂಡು, ಅದರ ತೋಳು, ತೋಳಿನೊಡನೆ ಏರಿಳಿಯುವ ವಿದ್ಯುತ್ತಿನ ತಡೆ. ಎರಡನ್ನೂ ಜೋಡಿಸಿ ಟ್ಯಾಂಕು ತುಂಬಿಸಿದೆವು. ಮುಳ್ಳು ಬರಿದೆಂದು ಹೇಳಿತು! ಟ್ಯಾಂಕಿನಿಂದ ಪೆಟ್ರೋಲನ್ನು ಹೊರತೆಗೆದಂತೆಲ್ಲ ತುಂಬುತ್ತಿದೆಯೆಂದು ತೋರಿಸಿತು. ಮಗನು ಹೊಟ್ಟೆ ಹಿಡಿದುಕೊಂಡು ನಕ್ಕನು.

ಮೇಸ್ತ್ರಿ ನಗಲಿಲ್ಲ. "ಗಂಡಿನ ಜಾತಕ ಒಂದು ಕಡೆ, ಹೆಣ್ಣಿನ ಜಾತಕ ಇನ್ನೊಂದು ಕಡೆ. ಕೂಡಿಬರುತ್ತದೆಯೆ?" ಎಂದನು. ವಿಷಯ ಇಷ್ಟೆ: ಅಮೆರಿಕದ ಪದ್ಧತಿಯ ಯೂನಿಟ್ಟುಗಳಲ್ಲಿ ಬರಿದಾದಾಗ ೨೪೦ ಓಮು ತಡೆ, ತುಂಬಿದಾಗ ೩೩. ಯೂರೋಪಿನ ಪದ್ಧತಿಯವುಗಳಲ್ಲಿ ಬರಿದಾದಾಗ ೧೦ ಓಮು, ತುಂಬಿದಾಗ ೧೮೦. ಒಂದು ಇಳಿಯುವಲ್ಲಿ ಇನ್ನೊಂದು ಏರುತ್ತದೆ. ಮೀಟರೂ ಸೆನ್ಸರೂ ಒಂದೇ ಪದ್ಧತಿಯವಾಗಿರಬೇಕು. ಎಣ್ಣೆಗೂ ಶಾಖಕ್ಕೂ ಇದೇ ನಿಯಮ. ಹಳೆಯ ಬಂಡಿಗೆ ಹೊಸ ಮೀಟರು ಹಾಕಿಸುವವರು ಈ ಒಂದು ಮಾತನ್ನು ಮರೆಯಬಾರದು. ಎರಡನ್ನೂ ಒಂದೇ ತಯಾರಿಕೆಯಲ್ಲಿ, ಜೋಡಿಯಾಗಿಯೇ ಕೊಳ್ಳಬೇಕು.

ಆಮೇಲೆ ಆತ ಮೂಲೆಯಲ್ಲಿ ಬಿದ್ದಿದ್ದ ನಮ್ಮ ಹಳೆಯ ಜೋಡಿಯನ್ನು ತಂದು ಮತ್ತೆ ಹಾಕಿದನು. ಟ್ಯಾಂಕಿನ ಒಂದು ಮೂಲೆಯಲ್ಲಿ ತುಕ್ಕನ್ನು ಉಜ್ಜಿ, ಅಲ್ಲಿಂದ ಬಂಡಿಯ ಚೌಕಟ್ಟಿಗೆ ಗೇಣುದ್ದದ ಒಂದು ತಂತಿ ಕೊಟ್ಟನು. ಕುಣಿಯುತ್ತಿದ್ದ ಮುಳ್ಳು ಗುರುವಿನ ಮುಂದೆ ನಿಂತ ಶಿಷ್ಯನಂತೆ ನಿಂತಿತು. ಮೀಟರಿನಲ್ಲಿ ದೋಷವೇ ಇರಲಿಲ್ಲ. ತುಕ್ಕು ಹಿಡಿದು ಅರ್ತ್ ತಪ್ಪಿದ್ದಿತು, ಅಷ್ಟೆ. ಹದಿನೈದು ವರ್ಷ ನಾನು ಸುಳ್ಳುಗಾರನೆಂದು ಕರೆದದ್ದು ನಿರಪರಾಧಿಯಾಗಿದ್ದಿತು. ಹೊಸದಾಗಿ ಕೊಂಡವನ್ನು ಈಗಲೂ ಕಪಾಟಿನಲ್ಲಿ ಇಟ್ಟಿದ್ದೇನೆ, ಬುದ್ಧಿ ಬರಲಿ ಎಂದು.

ಉಳಿದದ್ದು ನಡುವಿನ ದೊಡ್ಡ ಮೀಟರು. ಕೇಬಲನ್ನು ಹೊಸದಾಗಿ ಹಾಕಿಸುವುದು ಕಷ್ಟವಲ್ಲ; ಆದರೆ ಇಷ್ಟು ವರ್ಷ ನಿಂತು ಒಳಗಿನ ಕೆಲಸವೆಲ್ಲ ಹಿಡಿದುಕೊಂಡಿದ್ದಿತು. ಇಂಥದಕ್ಕೆ ಗಡಿಯಾರದವರ ಕೈಯೇ ಆಗಬೇಕೆಂದು ಮೇಸ್ತ್ರಿ ಹೇಳಿದನು. ಪುರಭವನವನ್ನು ದಾಟಿ, ಮಾರುಕಟ್ಟೆಯ ಗದ್ದಲವನ್ನು ಹಾಯ್ದು, ಅವೆನ್ಯೂ ರಸ್ತೆಯಿಂದ ಮಾಮೂಲ್‌ಪೇಟೆಗೆ ಹೋದೆನು. ಕೈಗಾಡಿಗಳಿಗೂ ಜನರಿಗೂ ನಡುವೆ ದಾರಿ ಮಾಡಿಕೊಂಡು ಹೋಗುವಾಗ, "ಮಾಮೂಲು" ಎಂದು ತಾಯಿಯ ಮಾತನ್ನು ತಳ್ಳಿಹಾಕಿದವನು ಪ್ರಾಯಶ್ಚಿತ್ತಕ್ಕಾಗಿ ಮಾಮೂಲ್‌ಪೇಟೆಗೇ ಬರಬೇಕಾಯಿತಲ್ಲಾ ಎಂದು ನನಗೇ ನಗು ಬಂದಿತು.

ಒಂದು ಮಹಡಿಯ ಮೆಟ್ಟಿಲ ಕೆಳಗೆ, ಮೂರು ಅಡಿ ಅಗಲದ ಅಂಗಡಿಯಲ್ಲಿ ಆ ವೃದ್ಧರು ಕುಳಿತಿದ್ದರು. ಬೆಂಗಳೂರಿನಲ್ಲಿ ೧೯೬೧ರಲ್ಲಿ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆ ಆರಂಭವಾದ ಮೇಲೆ ಕೈಗಡಿಯಾರ ಮನೆಮನೆಗೂ ಬಂದಿತಷ್ಟೆ. ಅವುಗಳನ್ನು ರಿಪೇರಿ ಮಾಡುತ್ತಲೇ ಜೀವನ ಸವೆಸಿದವರು. ಕಣ್ಣಿಗೆ ಮಸೂರವನ್ನು ಸಿಕ್ಕಿಸಿಕೊಂಡು ಮೀಟರನ್ನು ಬಿಚ್ಚಿ ನನಗೂ ತೋರಿಸಿದರು. ಒಳಗೆ ಕೇಬಲಿನೊಡನೆ ತಿರುಗುವ ಒಂದು ಅಯಸ್ಕಾಂತ. ಅದನ್ನು ಮುಟ್ಟದೆ ಅದರ ಮೇಲೆ ಕವುಚಿದ ಅಲ್ಯೂಮಿನಿಯಮಿನ ಪುಟ್ಟ ಬಟ್ಟಲು. ಅಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ವಿದ್ಯುತ್ತಿನ ಸುಳಿ ಹುಟ್ಟಿ, ಅದು ಬಟ್ಟಲನ್ನು ಜತೆಗೆ ಸೆಳೆಯುತ್ತದೆ; ಕೂದಲಿನಷ್ಟು ಸಣ್ಣ ಸ್ಪ್ರಿಂಗು ಹಿಂದಕ್ಕೆ ಎಳೆಯುತ್ತದೆ. ಈ ಎರಡರ ಜಗ್ಗಾಟದಲ್ಲಿ ಮುಳ್ಳು ಎಲ್ಲಿ ನಿಲ್ಲುತ್ತದೆಯೋ ಅದೇ ವೇಗ. ಷುಲ್ಟ್ಸೆ ಎಂಬಾತ ೧೯೦೨ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದನು. ಮುಟ್ಟದೆಯೇ ಎಳೆಯುವ ಈ ಸೆಳೆತವನ್ನು ಕಂಡು ನಾನು ಬಹಳ ಹೊತ್ತು ಬೆರಗಾಗಿ ನಿಂತಿದ್ದೆನು.

"ಎಲ್ಲ ಸರಿ ಮಾಡಬಹುದು. ಈ ಎಣಿಕೆ?" ಎಂದು ವೃದ್ಧರು ೭೮,೪೧೬ನ್ನು ಬೆರಳಿಟ್ಟು ತೋರಿಸಿದರು. "ಹೀಗೇ ಬಿಡಲೆ? ಇಲ್ಲ, ಚಕ್ರಗಳನ್ನು ಬಿಡಿಸಿ ಮತ್ತೆ ಓಡುವಂತೆ ಮಾಡಲೆ?"

ನಾನು ಉತ್ತರ ಹೇಳಲಾರದೆ ಹೋದೆನು. ಜೀಪು ತೊಳೆಯುವಾಗಲೆಲ್ಲ ತಾಯಿಯವರು ಬಂದು ಆ ಅಂಕಿಗಳನ್ನು ಒಂದು ಗಳಿಗೆ ನೋಡಿ ಹೋಗುವುದನ್ನು ನಾನು ಕಂಡಿದ್ದೆನು. ಈ ವಿಷಯವನ್ನು ನಾವು ಎಂದೂ ಬಾಯಿಬಿಟ್ಟು ಆಡಿರಲಿಲ್ಲ. ಕೇಬಲನ್ನು ಇಷ್ಟು ವರ್ಷ ಹಾಕಿಸದೆ ಇದ್ದುದಕ್ಕೆ ಸೋಮಾರಿತನದ ಜತೆಗೆ ಇದೂ ಒಂದು ಕಾರಣ. ಮನೆಗೆ ಬಂದು ಅವರನ್ನು ಕೇಳಿದೆನು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ದೇವರಮನೆಯ ಗೂಡಿನಿಂದ ತಂದೆಯವರ ಕಾಲದ ಹಳೆಯ ಲೆಕ್ಕದ ಪುಸ್ತಕವನ್ನು ತಂದರು. ಕಡೆಯ ಪುಟದಲ್ಲಿ ಆ ಅಂಕಿಯನ್ನು ತಮ್ಮ ಕೈಯಿಂದಲೇ ಬರೆದರು. ಅದರ ಮುಂದೆ "ನಿಮ್ಮಪ್ಪ ಓಡಿಸಿದ್ದು" ಎಂದು ಬರೆದು ಪುಸ್ತಕವನ್ನು ಮುಚ್ಚಿದರು.

"ಅಲ್ಲಿಂದ ಮುಂದಕ್ಕೂ ನೀನು ಓಡಿಸಿದ್ದೀಯಲ್ಲ, ಅದು ಲೆಕ್ಕಕ್ಕೇ ಬಂದಿಲ್ಲ. ಅದೂ ಸುಳ್ಳೇ ಅಲ್ಲವೇನೋ? ಓಡಲಿ ಬಿಡು" ಎಂದರು.

ಮೀಟರುಗಳನ್ನು ಬಂಡಿಗೆ ಕೂರಿಸುವುದಕ್ಕೆ ಮುಂಚೆ ಮನೆಯಲ್ಲಿಯೇ ಅವುಗಳ ಪರೀಕ್ಷೆ ನಡೆಯಿತು. ಶಾಖದ ಸೆನ್ಸರನ್ನು ಪರೀಕ್ಷಿಸಲು ಅಡಿಗೆಮನೆಯೇ ಪ್ರಯೋಗಶಾಲೆ. "ಹಾಲಿನ ಪಾತ್ರೆ ಮುಟ್ಟಬೇಡಿ" ಎಂದು ಮೊದಲೇ ಅಪ್ಪಣೆಯಾಗಿದ್ದುದರಿಂದ, ಒಂದು ಹಳೆಯ ಅಲ್ಯೂಮಿನಿಯಮಿನ ಪಾತ್ರೆಯಲ್ಲಿ ನೀರು ಕಾಯಿಸಿ, ಸೆನ್ಸರಿನ ಹಿತ್ತಾಳೆಯ ತುದಿಯನ್ನು ಅದರಲ್ಲಿ ಇಳಿಬಿಟ್ಟೆವು. ಬ್ಯಾಟರಿ ಹೊಸ್ತಿಲ ಆಚೆ. ಮೀಟರು ಮಗನ ಕೈಯಲ್ಲಿ. ಪ್ರಯೋಗಶಾಲೆಯ ಥರ್ಮಾಮೀಟರು ಮಗಳ ಕೈಯಲ್ಲಿ. ನೀರು ಕುದಿಯಿತು. ಎರಡೂ ನೂರನ್ನು ಮುಟ್ಟದೆ ೯೭ರ ಬಳಿ ನಿಂತುವು. ಇದೂ ಕೆಟ್ಟದ್ದೇ ಎಂದು ನಾನು ಹಣೆ ಬಡಿದುಕೊಳ್ಳುವುದರಲ್ಲಿದ್ದೆನು. ಆಗ ಮಗಳು, "ಇಲ್ಲಪ್ಪ, ಬೆಂಗಳೂರು ಸಮುದ್ರಮಟ್ಟಕ್ಕಿಂತ ಒಂಬೈನೂರು ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ನೀರು ತೊಂಬತ್ತೇಳಕ್ಕೇ ಕುದಿಯುತ್ತದೆ. ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ" ಎಂದಳು. ಮೀಟರು ಸರಿಯಾಗಿದ್ದಿತು, ತಪ್ಪಿದ್ದುದು ನನ್ನ ನಿರೀಕ್ಷೆ.

ಪೆಟ್ರೋಲಿನ ಪರೀಕ್ಷೆಯನ್ನು ಒಲೆಯಿಂದ ದೂರದಲ್ಲಿ, ಹಿತ್ತಿಲಿನ ಬಯಲಿನಲ್ಲ ಮಾಡಿದೆವು. ಐದೈದು ಲೀಟರು ಸುರಿಯುತ್ತ, ಒಂದೊಂದು ಸಲವೂ ಮುಳ್ಳು ನಿಂತ ಜಾಗವನ್ನು ನನ್ನ ಹೆಂಡತಿ ಬರೆದುಕೊಂಡಳು. ಕಾಲು ಭಾಗವೆಂದು ತೋರಿಸುವಲ್ಲಿ ನಿಜವಾಗಿ ಎಷ್ಟು ಉಳಿದಿರುತ್ತದೆಂಬುದು ಈಗ ನಮಗೆ ಗೊತ್ತು. ಆ ಚೀಟಿಯನ್ನು ಜೀಪಿನೊಳಗೇ ಅಂಟಿಸಿದ್ದೇವೆ. ಎಣ್ಣೆಯ ಹೊಸ ಮೀಟರನ್ನು ಮೇಸ್ತ್ರಿಯು ತನ್ನಲ್ಲಿದ್ದ ಕೊಳವೆಯ ಮೀಟರಿನೊಡನೆ ಹೋಲಿಸಿ ನೋಡಿ ಒಪ್ಪಿದನು.

ಇದೆಲ್ಲ ಮುಗಿದು ಕೆಲವು ವರ್ಷಗಳಾದುವು. ಈಗ ಬಂಡಿಯನ್ನು ಹೊರಡಿಸುವಾಗ ನನ್ನದೊಂದು ನಿಯಮವಿದೆ. ಬೀಗದ ಕೈ ತಿರುಗಿಸಿ, ಇಂಜಿನ್ನನ್ನು ಒಡನೆ ಹೊರಡಿಸದೆ, ಕೆಂಪು ದೀಪ ಹತ್ತಿತೇ ಎಂದು ನೋಡುತ್ತೇನೆ. ಇಂಜಿನ್ನು ನಿಂತಿರುವಾಗ ಒತ್ತಡವಿಲ್ಲ. ಆದುದರಿಂದ ದೀಪ ಹತ್ತಲೇಬೇಕು. ಹತ್ತದಿದ್ದರೆ ದೀಪವೇ ಸತ್ತಿದೆಯೆಂದು ತಿಳಿದು ಹೊರಡುವುದಿಲ್ಲ. ಇಂಜಿನ್ನು ಹೊರಟ ಕೂಡಲೆ ಅದು ಆರಬೇಕು. ಎಣ್ಣೆಯ ಮುಳ್ಳು ಏಳಬೇಕು. ಎಷ್ಟು ಅವಸರವಿದ್ದರೂ ಇಷ್ಟನ್ನು ನೋಡದೆ ಗೇರು ಹಾಕುವುದಿಲ್ಲ.

ವಾಚಕರಲ್ಲಿ ಎಲ್ಲರ ಮನೆಯಲ್ಲಿಯೂ ಜೀಪು ಇರಲಾರದು. ಆದರೆ ಒಂದಲ್ಲ ಒಂದು ಮುಳ್ಳು ಎಲ್ಲರ ಮನೆಯಲ್ಲಿಯೂ ಇದೆ: ಜ್ವರದ ಥರ್ಮಾಮೀಟರು, ರಕ್ತದ ಒತ್ತಡ ಅಳೆಯುವ ಯಂತ್ರ, ಅಡಿಗೆಯ ಅನಿಲದ ರೆಗ್ಯುಲೇಟರು, ಗೋಡೆಯ ಗಡಿಯಾರ. ಅದು ಸುಳ್ಳು ಹೇಳುತ್ತಿದ್ದರೆ ಸರಿ ಮಾಡಿಸಿರಿ, ಸರಿಯಾಗದಿದ್ದರೆ ಕೆಳಗಿಳಿಸಿರಿ. ಕೆಟ್ಟ ಮೀಟರು ಒಂದು ಸಲ ತಪ್ಪು ಹೇಳುವುದರಿಂದ ಆಗುವ ಕೇಡು ಅಲ್ಪ. ಅದನ್ನು ನಂಬದೆ ಅಭ್ಯಾಸವಾದ ನಾವು, ಪಕ್ಕದಲ್ಲಿರುವ ಒಳ್ಳೆಯದನ್ನೂ, ಅದನ್ನು ನೋಡಿ ಎಚ್ಚರಿಸುವ ಹಿರಿಯರನ್ನೂ ನಂಬದೆ ಹೋಗುತ್ತೇವಲ್ಲ, ಅದೇ ದೊಡ್ಡ ಕೇಡು.

ತಾಯಿಯವರಿಗೆ ಈಗ ಎಂಬತ್ತೈದು ದಾಟಿದೆ. ದೂರದ ಪ್ರಯಾಣ ಅವರಿಂದ ಆಗದು. ಭಾನುವಾರದ ಬೆಳಿಗ್ಗೆ ಗಾಂಧಿಬಜಾರಿನ ವರೆಗೆ ಮುಂದಿನ ಆಸನದಲ್ಲಿ ಕುಳಿತು ಬರುತ್ತಾರೆ. ಕಣ್ಣು ಮಂಜಾಗಿ ಅಂಕಿಗಳು ಅವರಿಗೆ ಕಾಣಿಸುವುದಿಲ್ಲ. "ಎಣ್ಣೆ ಮುಳ್ಳು ಎಷ್ಟರಲ್ಲಿದೆಯೋ?" ಎಂದು ಕೇಳುತ್ತಾರೆ. ನಾನು ಕೆಳಗೆ ನೋಡಿ, ಇರುವುದನ್ನು ಇರುವಂತೆಯೇ ಹೇಳುತ್ತೇನೆ.